ಮೂರು ಹಳೆಯ ಗರಗಸಗಳಿಂದ ಒಂದು: ಪಿಸ್ಟನ್ ಸುಡುವುದು ನಿಂತದ್ದು ಹೇಗೆ

ಹೋದ ದಸರೆಗೆ ನಾನು ಜೋಡಿಸಿದ ಮರ ಕೊಯ್ಯುವ ಮಷಿನ್ ಯುಗಾದಿ ಕಳೆದರೂ ಒಂದು ಸಲವೂ ಸೀಜ್ ಆಗಿ (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು) ಅಂಗಡಿಗೆ ಮರಳಿಲ್ಲ. ಅದರ ಮೈ ಸ್ಟಿಲ್ ಕಂಪನಿಯ 023 ಗರಗಸದ್ದು, ಸಿಲಿಂಡರ್ 025ರದು, ಕಾರ್ಬುರೇಟರ್ ಮೂರನೆಯ ಇನ್ನೊಂದು ಮಷಿನ್‌ನದು. ಹಾನಗಲ್ಲಿನ ಸಾಮಿಲ್ಲಿನ ಹಿರಿಯರೊಬ್ಬರು ಅದನ್ನು ನೋಡಿ, "ತಮ್ಮಾ, ಇದು ಹದಿನೈದು ದಿನ ನಡೆದರೆ ನನ್ನನ್ನು ಕೇಳು" ಎಂದಿದ್ದರು. ಈಗ ಸುಮಾರು ಇನ್ನೂರು ತಾಸು ಓಡಿದೆ. ಆ ಲೆಕ್ಕ ಪೆಟ್ರೋಲಿನ ಚೀಟಿಗಳಿಂದ ಹಾಕಿದ್ದು. ಹತ್ತಿಪ್ಪತ್ತು ತಾಸು ಆಚೀಚೆ ಇರಬಹುದು.

ಅಕ್ಕಿಆಲೂರಿನ ಹತ್ತಿರ ನನ್ನ ಅಂಗಡಿ. ಮೊದಲು ಮೋಟರ್ ರಿವೈಂಡಿಂಗ್ ಮತ್ತು ಔಷಧ ಹೊಡೆಯುವ ಪಂಪುಗಳ ಕೆಲಸ ಮಾತ್ರ ಮಾಡುತ್ತಿದ್ದೆ. ನಮ್ಮ ಕಡೆ ಹಳೆಯ ಆಪೂಸ್ ತೋಟಗಳನ್ನು ತೆಗೆದು ಅಡಿಕೆ ಹಾಕುವವರು ಹೆಚ್ಚಾದ ಮೇಲೆ ಊರಿಗೆ ನಾಲ್ಕಾರು ಗರಗಸಗಳು ಬಂದವು. ಅವು ಕೆಟ್ಟಾಗ ನನ್ನ ಬಾಗಿಲಿಗೇ ಬಂದವು. ಹೆಚ್ಚಿನವುಗಳ ಕಾಯಿಲೆ ಒಂದೇ: ಪಿಸ್ಟನ್ ಸುಟ್ಟಿರುತ್ತದೆ, ಹೊಸ ಪಿಸ್ಟನ್ ಹಾಕಿದರೆ ತಿಂಗಳೊಳಗೆ ಅದೂ ಸುಡುತ್ತದೆ.

023 ಮತ್ತು 025 ಒಂದೇ ಮೈಯ ಅಣ್ಣತಮ್ಮಂದಿರು ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಎರಡಕ್ಕೂ 32 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಮಾತ್ರ 023ಕ್ಕೆ 40, 025ಕ್ಕೆ 42.5. ಸಿಲಿಂಡರ್ ಬದಲಿಸಿದರೆ 40 ಸಿಸಿಯ ಮಷಿನ್ 45 ಸಿಸಿ ಆಗುತ್ತದೆ. ಹುಬ್ಬಳ್ಳಿಯ ಗುಜರಿಯಲ್ಲಿ 023ರ ಒಂದು ಮೈ 1,100 ರೂಪಾಯಿಗೆ ಸಿಕ್ಕಿತು. ಸೀಜ್ ಆಗಿ ಮೂಲೆಗೆ ಬಿದ್ದಿದ್ದ 025 ಅನ್ನು ಒಬ್ಬ ರೈತರು 900ಕ್ಕೆ ಕೊಟ್ಟರು. ಮೂರನೆಯದನ್ನು ಹಳೆಯ ಬಾಕಿಗೆ ಮುರಿದುಕೊಂಡೆ.

ಮೊದಲ ಸಲ ನಾನೂ ಎಲ್ಲರಂತೆ ಪೇಟೆಯ ಕಿಟ್ ತಂದೆ. ಸಿಲಿಂಡರ್, ಪಿಸ್ಟನ್, ರಿಂಗ್, ಪಿನ್ ಎಲ್ಲ ಸೇರಿ 1,450 ರೂಪಾಯಿ. ಕೂಡಿಸಿದ ದಿನವೇ ಎರಡನೆಯ ಎಳೆತಕ್ಕೆ ಹತ್ತಿಕೊಂಡಿತು. ಎರಡು ದಿನ ಚೆನ್ನಾಗಿ ಓಡಿ, ಮೂರನೆಯ ದಿನ ಮಾವಿನ ಬುಡ ಕೊಯ್ಯುವಾಗ ನಿಂತಿತು. ಬಿಚ್ಚಿ ನೋಡಿದರೆ ಎಕ್ಸಾಸ್ಟ್ (ಹೊಗೆ ಹೊರಬರುವ) ಕಡೆ ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳು. ಆಯಿಲ್ ಕಡಿಮೆಯಾಗಿದೆ ಎಂದು ತಿಳಿದು ಲೀಟರಿಗೆ 20 ಮಿ.ಲೀ. ಹಾಕುತ್ತಿದ್ದುದನ್ನು 40ಕ್ಕೆ ಏರಿಸಿದೆ. ಇದು ನಾನು ಮಾಡಿದ ದೊಡ್ಡ ತಪ್ಪು, ಇಂದಿಗೂ ಅನೇಕರು ಮಾಡುತ್ತಿರುವ ತಪ್ಪು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಾದ ಜೆಟ್ಟಿನಿಂದ ಹೋಗುವುದು ಅಷ್ಟೇ ದ್ರವ. ಅದರಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ, ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ.

ಎರಡನೆಯ ಕಿಟ್ ಐದು ದಿನ ಓಡಿತು. ಈ ಸಲ ಗೀರು ಎಕ್ಸಾಸ್ಟ್ ಕಡೆ ಇರಲಿಲ್ಲ, ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ನಿನ ನೇರಕ್ಕೆ ಇತ್ತು. ಪಿನ್ ಹಿಡಿಯುವ ಲಾಕು ಕಳಚಿ ಗೋಡೆಯನ್ನು ಕೆತ್ತಿತ್ತು. ಕಿಟ್ಟಿನ ಜೊತೆ ಬಂದ ಲಾಕನ್ನು ಅಂದಿನಿಂದ ನಾನು ಬಳಸುವುದಿಲ್ಲ. ಒಳ್ಳೆಯ ಸ್ಪ್ರಿಂಗ್ ತಂತಿಯ ಲಾಕನ್ನು ಬೇರೆ ತರುತ್ತೇನೆ, ಜೋಡಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ. ಅಷ್ಟು ಸಣ್ಣ ವಸ್ತುವಿಗೆ 1,450 ರೂಪಾಯಿ ಹೋಯಿತು ಎಂಬ ಸಿಟ್ಟು ಬಹಳ ದಿನ ಇತ್ತು.

ಆಗ ಮನಸ್ಸು ರೈತರು ಕೊಟ್ಟ 025ರ ಮೂಲ ಸಿಲಿಂಡರಿನ ಕಡೆ ತಿರುಗಿತು. ಅದರ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಬಳಿದುಕೊಂಡು ಬೂದು ಬಣ್ಣದ ಪಟ್ಟೆಗಳಾಗಿದ್ದವು. ಹುಬ್ಬಳ್ಳಿಯ ಬೈಕ್ ಮೆಕ್ಯಾನಿಕ್ ಅಣ್ಣನೊಬ್ಬ, "ಬೋರ್ ಸತ್ತಿದೆ, ಲೇತಿಗೆ ಕೊಟ್ಟು ಲೈನರ್ ಹಾಕಿಸು" ಎಂದ. ಬೈಕಿಗೆ ಅದು ಸರಿ. ಈ ಸಿಲಿಂಡರಿನ ಗೋಡೆಗೆ ಗಟ್ಟಿ ಲೇಪನವಿದೆ, ಅದನ್ನು ಕೊರೆದರೆ ಇದ್ದದ್ದೂ ಹೋಗುತ್ತದೆ. ನಾನು ಉಗುರು ಎಳೆದು ನೋಡಿದೆ. ಪಟ್ಟೆ ಮೇಲೆ ಉಬ್ಬಿತ್ತೇ ಹೊರತು ಎಲ್ಲಿಯೂ ಒಳಗೆ ಕುಳಿಯಾಗಿರಲಿಲ್ಲ. ಅಂದರೆ ಲೇಪನ ಬದುಕಿದೆ, ಅದರ ಮೇಲೆ ಕೊಳೆ ಕೂತಿದೆ.

ಪಾಯಿಖಾನೆ ತೊಳೆಯುವ ಆ್ಯಸಿಡ್ ತಂದು, ಕಡ್ಡಿಗೆ ಹತ್ತಿ ಸುತ್ತಿ, ಪಟ್ಟೆಯ ಮೇಲೆ ಮಾತ್ರ ಸವರಿದೆ. ಅಲ್ಯೂಮಿನಿಯಂ ಇರುವ ತನಕ ನೊರೆ ಬರುತ್ತದೆ, ಅದು ಕರಗಿದ ಕೂಡಲೇ ನೊರೆ ನಿಲ್ಲುತ್ತದೆ. ಹೀಗೆ ಏಳೆಂಟು ಸಲ. ನಡುವೆ ಒಮ್ಮೆ ಕೈ ತಪ್ಪಿ ಎಕ್ಸಾಸ್ಟ್ ಬಾಯಿಯೊಳಗೆ ಹನಿ ಬಿತ್ತು. ಅಲ್ಲಿ ಲೇಪನವಿಲ್ಲ, ಬರೀ ಅಲ್ಯೂಮಿನಿಯಂ. ಕ್ಷಣದಲ್ಲಿ ಕೊರೆದು ಗುಳಿ ಮಾಡಿತು. ಅದೃಷ್ಟಕ್ಕೆ ಬಾಯಿಯ ಅಂಚು ಉಳಿಯಿತು. ಈಗ ಬಾಯಿಗಳಿಗೆಲ್ಲ ಮೊದಲೇ ಗ್ರೀಸ್ ತುಂಬುತ್ತೇನೆ, ಕೊನೆಗೆ ಅಡುಗೆ ಸೋಡಾದ ನೀರಿನಿಂದ ತೊಳೆಯುತ್ತೇನೆ. ಕ್ರೋಮ್ ಲೇಪನದ ಹಳೆಯ ಸಿಲಿಂಡರಿಗೆ ಮಾತ್ರ ಈ ಆ್ಯಸಿಡ್ ಮುಟ್ಟಿಸಬೇಡಿ, ಕ್ರೋಮನ್ನೇ ತಿನ್ನುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ. ಎರಡನ್ನೂ ಹೊರಗೆ ಗಾಳಿಗೆ ಕುಳಿತು, ಕನ್ನಡಕ ಹಾಕಿಕೊಂಡೇ ಮಾಡಬೇಕು. ಅಷ್ಟಾದ ಮೇಲೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ಅಡ್ಡಡ್ಡ ಉಜ್ಜಿದೆ. ಒಳಗೆ ಹೊಸದರಂತೆ ಹೊಳೆಯಿತು. ಪಿಸ್ಟನ್ ಮಾತ್ರ ಬೇರೆ ತಂದೆ, 600 ರೂಪಾಯಿ.

ಮೂರನೆಯ ಸಲ ಕೂಡಿಸಿದಾಗ ನಾಲ್ಕನೆಯ ದಿನಕ್ಕೆ ಒಂದು ಲಕ್ಷಣ ಕಂಡಿತು. ಎಕ್ಸಲರೇಟರ್ ಬಿಟ್ಟರೂ ಎಂಜಿನ್ ವೇಗ ಕೂಡಲೇ ಇಳಿಯುತ್ತಿರಲಿಲ್ಲ. ಮಗ್ಗುಲಿಗೆ ಹೊರಳಿಸಿದರೆ ಸದ್ದು ತಾನೇ ಏರುತ್ತಿತ್ತು. ಈ ಸಲ ಓಡಿಸದೆ ನಿಲ್ಲಿಸಿದೆ. ಎಲ್ಲಿಯೋ ಹೊರಗಿನ ಗಾಳಿ ಎಳೆಯುತ್ತಿದೆ, ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತಿದೆ ಎಂದು ಖಾತ್ರಿಯಾಯಿತು. ಎಲ್ಲಿ ಎಂಬುದನ್ನು ಕಣ್ಣಿನಿಂದ ಹುಡುಕಿದರೆ ಸಿಗುವುದಿಲ್ಲ.

ಕಂಪನಿಯ ಪ್ರೆಶರ್ ಪಂಪಿನ ಬೆಲೆ ಕೇಳಿ ಸುಮ್ಮನಾದೆ. ಮನೆಯಲ್ಲಿ ಅಪ್ಪನ ರಕ್ತದೊತ್ತಡ ನೋಡುತ್ತಿದ್ದ ಹಳೆಯ ಉಪಕರಣ ಇತ್ತು: ಒತ್ತುವ ರಬ್ಬರ್ ಬುರುಡೆ, ಗಡಿಯಾರದಂತಹ ಮುಳ್ಳು, ಎರಡು ನಳಿಕೆ. ತೋಳಿಗೆ ಕಟ್ಟುವ ಬಟ್ಟೆ ಹರಿದಿತ್ತು, ನನಗೆ ಅದು ಬೇಕಿರಲಿಲ್ಲ. ಅದರ ಮುಳ್ಳು 300ರವರೆಗೆ ತೋರಿಸುತ್ತದೆ. ಪಾದರಸದ 300 ಮಿ.ಮೀ. ಎಂದರೆ ಸುಮಾರು 0.4 ಬಾರ್. ಕೈಪಿಡಿಯಲ್ಲಿ 0.5 ಹೇಳುತ್ತಾರೆ, ಆದರೆ ಸೋರಿಕೆ ಹುಡುಕಲು 0.4 ಧಾರಾಳ ಸಾಕು. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಪಟ್ಟಿಯಿಂದ ಬಿಗಿದೆ. ಕಾರ್ಬುರೇಟರ್ ಕೂರುವ ಕಡೆ ಕಬ್ಬಿಣದ ತಗಡು, ಅದಕ್ಕೆ ತೂತು ಕೊರೆದು ಸೈಕಲ್ ವಾಲ್ವಿನ ಕೊಳವೆ. ಬುರುಡೆ ಒತ್ತಿ 300ಕ್ಕೆ ತಂದೆ. ನಾಲ್ಕು ಸೆಕೆಂಡಿನಲ್ಲಿ ಮುಳ್ಳು ಕೆಳಗೆ ಬಂತು. ಸೋಪಿನ ನೀರು ಹಚ್ಚಿದೆ. ಕ್ಲಚ್ ಕಡೆಯ ಆಯಿಲ್ ಸೀಲಿನ (ತಿರುಗುವ ದಂಡದ ಸುತ್ತ ಕೂರುವ ರಬ್ಬರ್ ಬಳೆಯ) ಪಕ್ಕ, ಸಿಲಿಂಡರ್ ಮತ್ತು ಕೆಳಗಿನ ಎಂಜಿನ್ ತಟ್ಟೆ ಕೂಡುವ ಮೂಲೆಯಲ್ಲಿ, ಸಾಸಿವೆಯಂತಹ ಗುಳ್ಳೆಗಳು ಸಾಲಾಗಿ ಬಂದವು. ಅದನ್ನು ನೋಡಿದಾಗ ಆದ ಸಂತೋಷ ದೊಡ್ಡದು. ಎರಡು ಕಿಟ್ಟಿನ ದುಡ್ಡು, ಹಲವು ವಾರಗಳ ಶ್ರಮ ಎಲ್ಲಿ ಹೋಗುತ್ತಿತ್ತು ಎಂಬುದು ಆ ಗುಳ್ಳೆಗಳಲ್ಲಿ ಕಾಣುತ್ತಿತ್ತು. ಎರಡನೆಯ ಕಿಟ್ಟಿನ ಲಾಕು ಕಳಚದಿದ್ದರೂ ಅದು ಹೆಚ್ಚು ದಿನ ಬಾಳುತ್ತಿರಲಿಲ್ಲ.

ಒತ್ತಡ ಇಳಿಯದೆ ನಿಂತರೆ ಕೆಲಸ ಮುಗಿಯಿತು ಎಂದಲ್ಲ. ಸೀಲಿನ ತುಟಿ ಒಳಗಿನಿಂದ ಒತ್ತಿದರೆ ಅಂಟಿಕೊಳ್ಳುತ್ತದೆ, ಒಳಕ್ಕೆ ಎಳೆದಾಗ ಬಿಡುತ್ತದೆ. ಆದ್ದರಿಂದ ವ್ಯಾಕ್ಯೂಮ್ ಪರೀಕ್ಷೆಯೂ ಬೇಕು. ಅದಕ್ಕೆ ಫ್ರಿಜ್ ರಿಪೇರಿಯ ಗೆಳೆಯನ ಬಳಿ ಹೋದೆ. ಅವನ ಹಳೆಯ ಕಂಪ್ರೆಸರ್ ಎಳೆಯುತ್ತದೆ, ನೀಲಿ ಗೇಜ್ ತೋರಿಸುತ್ತದೆ. ಪಾದರಸದ 15 ಇಂಚಿಗೆ ತಂದು ನಿಲ್ಲಿಸಿ, ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತ ಒಂದು ನಿಮಿಷ ನೋಡುತ್ತೇನೆ. ಈ ಎರಡೂ ಪರೀಕ್ಷೆ ದಾಟದ ಎಂಜಿನ್ನಿಗೆ ನಾನು ಈಗ ಪೆಟ್ರೋಲ್ ಹಾಕುವುದೇ ಇಲ್ಲ.

ಸೋರಿಕೆಗೆ ಕಾರಣ ನನ್ನ ಕೈಯೇ. ಸಿಲಿಕಾನ್ ಪೇಸ್ಟನ್ನು ದಪ್ಪವಾಗಿ ಹಚ್ಚಿ, ಸ್ವಲ್ಪ ಗಟ್ಟಿಯಾಗಲಿ ಎಂದು ಅರ್ಧ ತಾಸು ಬಿಟ್ಟು, ಆಮೇಲೆ ಬೋಲ್ಟ್ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಮೇಲೆ ಚರ್ಮ ಕಟ್ಟಿರುತ್ತದೆ, ಎರಡು ಮುಖಗಳಿಗೂ ಅಂಟುವುದಿಲ್ಲ. ಈಗ ಎರಡೂ ಮುಖಗಳನ್ನು ಥಿನ್ನರಿನಲ್ಲಿ ಒರೆಸಿ, ದಾರದಷ್ಟು ತೆಳುವಾದ ಗೆರೆ ಎಳೆದು, ಎರಡು ನಿಮಿಷದೊಳಗೆ ಕೂಡಿಸಿ, ನಾಲ್ಕು ಬೋಲ್ಟನ್ನೂ ಅಡ್ಡಡ್ಡ ಬಿಗಿದು, ರಾತ್ರಿಯಿಡೀ ಮುಟ್ಟದೆ ಬಿಡುತ್ತೇನೆ. ಸೀಲಿನ ಮೂಲೆಯಲ್ಲಿ ಇನ್ನೂ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಗೆ ಬಂದು ಕೂತು ಕಲಿತ ಇಬ್ಬರು ಹುಡುಗರಿಗೆ ತೋರಿಸಿದ್ದೇನೆ.

ಇನ್ನು ಕಾರ್ಬುರೇಟರ್. 023ರ ಮೈಯೊಂದಿಗೆ ಬಂದದ್ದರಲ್ಲಿ ಎಚ್ ಸ್ಕ್ರೂ (ಪೂರ್ತಿ ವೇಗದಲ್ಲಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವುದು) ಇರಲಿಲ್ಲ, ಜೆಟ್ ನಿಗದಿಯಾಗಿತ್ತು. ಸಿಲಿಂಡರ್ ದೊಡ್ಡದಾದ ಮೇಲೆ ಅದು ಸಾಲುವುದಿಲ್ಲ. ಈಗ ಪಂಪುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೇರೆ ಇದೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಇನ್ನೂ ತೆಳುವಾಗುತ್ತದೆ. ಮೂರನೆಯ ಮಷಿನ್‌ನ ಕಾರ್ಬುರೇಟರಿನಲ್ಲಿ ಎಚ್ ಮತ್ತು ಕಡಿಮೆ ವೇಗದ ಎಲ್, ಎರಡೂ ಸ್ಕ್ರೂ ಇದ್ದವು. ಅದರೊಳಗಿನ ತೆಳು ಪೊರೆಗಳ, ಅಂದರೆ ಡಯಾಫ್ರಾಮ್ ಕಿಟ್ ಹಾಕಿ ಅದನ್ನೇ ಕೂಡಿಸಿದೆ. ಹಳೆಯ ಲೆಕ್ಕಕ್ಕಿಂತ ಎಚ್ ಸ್ಕ್ರೂ ಸುಮಾರು ಕಾಲು ಸುತ್ತು ಹೆಚ್ಚು ಬಿಚ್ಚಿದೆ.

ಎಥನಾಲ್ ತೆಗೆದೇ ಬಿಡೋಣ ಎಂದು ಒಂದು ವಾರ ಬೇರೆ ದಾರಿ ಹಿಡಿದಿದ್ದೆ. ಗೆರೆಯಿರುವ ಗಾಜಿನ ಕೊಳವೆಯಲ್ಲಿ 100 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಹಾಕಿ ಕುಲುಕಿದರೆ ಕೆಳಗಿನ ಪದರ 28ರ ಆಸುಪಾಸಿಗೆ ಏರಿ ನಿಂತಿತು. ನೀರು ಎಥನಾಲನ್ನು ಎಳೆದುಕೊಂಡಿತ್ತು. ಇದೇ ರೀತಿ ಐದು ಲೀಟರ್ ತೊಳೆದೆ, ನಾಲ್ಕು ಲೀಟರ್ ಉಳಿಯಿತು. ಆದರೆ ಆ ಪೆಟ್ರೋಲಿಗೆ ಎಂಜಿನ್ ಭಾರ ಬಿದ್ದಾಗ ಟಕಟಕ ಬಡಿಯತೊಡಗಿತು, ಬಿಸಿಯಾದಾಗ ಎಳೆದರೆ ಹತ್ತಲಿಲ್ಲ. ಲೀಟರಿಗೆ ನೂರು ರೂಪಾಯಿ ಕೊಟ್ಟು ಐದರಲ್ಲಿ ಒಂದು ಪಾಲನ್ನು ಚೆಲ್ಲುವುದು ನನಗೆ ಸರಿ ಕಾಣಲಿಲ್ಲ. ಬಿಟ್ಟೆ. ದಿನದ ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ತಾನೇ ಆರುವವರೆಗೆ ಓಡಿಸುವುದೇ ಒಳ್ಳೆಯದು, ಡಯಾಫ್ರಾಮ್ ಬಾಳುತ್ತದೆ.

ಸ್ಕ್ರೂ ಹೊಂದಿಸಲು ಸುತ್ತು ಅಳೆಯುವ ಮೀಟರ್ ನನ್ನ ಹತ್ತಿರ ಇಲ್ಲ. ನಮ್ಮೂರ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಕಾಕಾ ಒಬ್ಬರಿದ್ದಾರೆ. ಒಂದು ಸಂಜೆ ಅಂಗಡಿಗೆ ಬಂದವರು ಮಷಿನ್ ಕೂಗುವುದನ್ನು ಕೇಳಿ, "ಕಪ್ಪು ನಾಲ್ಕರಲ್ಲಿ ಹಾಡುತ್ತಿದೆಯಲ್ಲ" ಎಂದರು. ಆ ಮಾತು ತಲೆಯಲ್ಲಿ ಕೂತಿತು. ಟೂ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಒಂದು ಸಲ ಸಿಡಿಯುತ್ತದೆ. ನಡುವಿನ ಸಪ್ತಕಕ್ಕಿಂತ ಕೆಳಗಿನ ಕಪ್ಪು ನಾಲ್ಕು ಸೆಕೆಂಡಿಗೆ ಸುಮಾರು 207 ಕಂಪನ. 60ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 12,400 ಸುತ್ತು. ಮೊಬೈಲಿನಲ್ಲಿ ತಂಬೂರಿ ಶ್ರುತಿ ಮಾಡುವ ಆ್ಯಪ್ ಹಾಕಿಕೊಂಡು ನೋಡಿದೆ, ಕಾಕಾ ಹೇಳಿದ್ದು ಸರಿಯಾಗಿತ್ತು. ಈಗ ಭಾರವಿಲ್ಲದೆ ಪೂರ್ತಿ ಎಳೆದಾಗ ಈ ಸ್ವರ ದಾಟದಂತೆ ಎಚ್ ಸ್ಕ್ರೂ ಇಡುತ್ತೇನೆ. ಕಂಪನಿ ಇದಕ್ಕಿಂತ ಹೆಚ್ಚು ಬಿಡುತ್ತದೆ, ನಾನು ಬಿಡುವುದಿಲ್ಲ.

ಸೈಲೆನ್ಸರಿಗೆ ಒಂದು ಹೆಚ್ಚುವರಿ ಕಿಂಡಿ ತೆಗೆದಿದ್ದೇನೆ. ಒಟ್ಟು ಕಿಂಡಿ ಎಕ್ಸಾಸ್ಟ್ ಬಾಯಿಯ ಮುಕ್ಕಾಲು ಪಾಲು ಮೀರಬಾರದು, ಕಿಡಿ ತಡೆಯುವ ಜಾಲರಿ ತೆಗೆಯಲೇಬಾರದು. ಬೇಸಿಗೆಯಲ್ಲಿ ಒಣಗಿದ ಹುಲ್ಲಿನ ನಡುವೆ ಕೊಯ್ಯುವವರು ನಾವು. ಕಿಂಡಿ ತೆಗೆದ ಮೇಲೆ ಎಚ್ ಸ್ಕ್ರೂ ಮತ್ತೆ ನೋಡಬೇಕು, ಇಲ್ಲದಿದ್ದರೆ ಪಿಸ್ಟನ್ ಸುಡುವುದು ಖಂಡಿತ.

ಈ ನಡುವೆ 58 ಸಿಸಿಯ ಚೀನಾ ಮಷಿನ್ ಒಂದರ ಮೇಲೂ ಕೈ ಮಾಡಿದೆ. ಅದರ ಸಿಲಿಂಡರಿನ ಕೆಳಗಿನ ಪ್ಯಾಕಿಂಗ್ ತೆಗೆದು ಪೇಸ್ಟ್ ಹಚ್ಚಿ ಕೂಡಿಸಿದೆ. ಪ್ಲಗ್ಗಿನ ತೂತಿನಿಂದ ಬೆಸುಗೆಯ ತಂತಿ ಇಳಿಸಿ ತಿರುಗಿಸಿ ಅಳೆದರೆ, ಪಿಸ್ಟನ್ನಿನ ತಲೆಗೂ ಸಿಲಿಂಡರಿನ ಮೇಲ್ಛಾವಣಿಗೂ ನಡುವೆ 1.1 ಮಿ.ಮೀ. ಇದ್ದ ಸಂದು 0.6ಕ್ಕೆ ಬಂದಿತ್ತು. ಬಲ ಬಂತು, ಹಗ್ಗ ಎಳೆಯುವಾಗ ಮಣಿಕಟ್ಟು ನೋಯುವಷ್ಟು ಬಂತು. ಆದರೆ ಕ್ರ್ಯಾಂಕಿಗೆ ನಾನು ರಿವೈಂಡಿಂಗಿಗೆಂದು ಇಟ್ಟಿದ್ದ ಸಾಮಾನ್ಯ 6202 ಬೇರಿಂಗ್ ಹಾಕಿದ್ದೆ. ಮೋಟರಿನ ವೇಗಕ್ಕೆ ನಡೆಯುವುದು ಗರಗಸದ ವೇಗಕ್ಕೆ ನಡೆಯಲಿಲ್ಲ, ಇಪ್ಪತ್ತು ತಾಸಿಗೆ ಕೂಗಿತು. ಸಿ3 (ಒಳಗೆ ಸ್ವಲ್ಪ ಹೆಚ್ಚು ಸಡಿಲ) ಎಂದು ಬರೆದಿರುವುದನ್ನೇ ತರಬೇಕು, ಪಕ್ಕದ ಮುಚ್ಚಳ ತೆಗೆದು ಹಾಕಬೇಕು, ಆಗ ಪೆಟ್ರೋಲಿನೊಂದಿಗೆ ಬರುವ ಆಯಿಲ್ ಒಳಗೆ ಹೋಗುತ್ತದೆ.

ದುಡ್ಡಿನ ವಿಷಯ ಕೇಳುವವರು ಬಹಳ. ಕೆಟ್ಟದ್ದೆಲ್ಲ ಸೇರಿ ನನಗೆ ಏಳೂವರೆ ಸಾವಿರ ಹೋಗಿದೆ. ಇಂದು ಅದೇ ಮಷಿನ್ ಮತ್ತೆ ಜೋಡಿಸಿದರೆ ನಾಲ್ಕು ಸಾವಿರ ದಾಟುವುದಿಲ್ಲ: ಹಳೆಯ ಎರಡು ಮೈ, ಒಂದು ಪಿಸ್ಟನ್, ಸೀಲ್, ಡಯಾಫ್ರಾಮ್, ರಬ್ಬರ್ ಬೂಟ್, ಪೆಟ್ರೋಲ್ ನಳಿಕೆ, ಹೊಸ ಚೈನ್. ಬಾಡಿಗೆಯಿಂದ ಹಾಕಿದ್ದು ಎರಡು ತಿಂಗಳಲ್ಲಿ ಮರಳಿತು. ಹೊಸ ಮಷಿನ್ ಇದ್ದವರೊಬ್ಬರ ಜೊತೆ ಹದಿಮೂರು ಇಂಚಿನ ನೀಲಗಿರಿ ದಿಮ್ಮಿ ಇಟ್ಟು ನೋಡಿದೆವು. ಅವರದು ಹದಿನೇಳು ಸೆಕೆಂಡ್, ನನ್ನದು ಹದಿನಾಲ್ಕು. ಅದರಲ್ಲಿ ಅರ್ಧ ಪಾಲು ಚೈನಿನದು ಎಂದು ಒಪ್ಪುತ್ತೇನೆ. 4.8ರ ಅರದಿಂದ ಪ್ರತಿ ಹಲ್ಲಿಗೂ ಮೂರೇ ಎಳೆತ ಹಾಕಿ ಕೈಯಿಂದಲೇ ಹರಿತ ಮಾಡುತ್ತೇನೆ. ಹುಣಸೆಯ ಕೆಚ್ಚಿಗೆ ಬೇರೆ ಕೋನ ಕೊಡುತ್ತೇನೆ, ಅದು ನನ್ನ ಕೈಯ ಲೆಕ್ಕ.

ಒಂದು ಕೆಲಸ ಮಾತ್ರ ಬಾಕಿ ಇದೆ. ಚೈನ್ ಆಯಿಲಿನ ಟ್ಯಾಂಕ್ ರಾತ್ರಿ ಇಟ್ಟಲ್ಲಿ ಅಂಗೈಯಗಲ ಸೋರುತ್ತದೆ. ಮುಚ್ಚಳದ ರಿಂಗ್ ಬದಲಿಸಿದೆ, ನಳಿಕೆ ಬದಲಿಸಿದೆ, ನಿಂತಿಲ್ಲ. ಮೊದಲ ಮಾಲೀಕರು ಸುಟ್ಟ ಎಂಜಿನ್ ಆಯಿಲ್ ಹಾಕಿ ಓಡಿಸಿದ್ದರಿಂದ ಆಯಿಲ್ ಪಂಪ್ ಒಳಗೆ ಸವೆದಿದೆ ಎಂದು ನನ್ನ ಅನುಮಾನ. ಮುಂಗಾರಿಗೆ ಕೆಲಸ ಕಡಿಮೆಯಾದಾಗ ಕ್ಲಚ್ ಬಿಚ್ಚಿ, ಬಿ.ಪಿ. ಬುರುಡೆಯನ್ನು ಆ ಟ್ಯಾಂಕಿಗೂ ಜೋಡಿಸಿ ನೋಡುತ್ತೇನೆ.