ಆಂಕೋರ್‌ನಲ್ಲಿ ಬಿಸಿಲು ನೋಡಿ ಹಾಕಿದ ದಾರಿ

ಕಾಂಬೋಡಿಯಾದ ಆಂಕೋರ್ ವಾಟ್ ಅಂದರೆ ಎಲ್ಲರಿಗೂ ನೆನಪಾಗುವ ಫೋಟೋ ಒಂದೇ. ಕೊಳದ ನೀರು, ಕೆಂಪು ಆಕಾಶ, ನಡುವೆ ಕಪ್ಪಾಗಿ ನಿಂತ ಗೋಪುರಗಳು. ಕಪ್ಪಾಗಿ ಯಾಕಿವೆ ಅಂದರೆ ಆ ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಸೂರ್ಯ ಹುಟ್ಟುವಾಗ ಮುಂದೆ ನಿಂತವರಿಗೆ ಕಾಣುವುದು ಅದರ ನೆರಳು ಮಾತ್ರ. ಜನ ನಾಲ್ಕೂವರೆಗೆ ಎದ್ದು ಬಂದು, ಸಾಲು ಸಾಲು ಮೊಬೈಲ್‌ಗಳ ಹಿಂದೆ ನಿಂತು, ಫೋಟೋ ಹೊಡೆದು, ತಿಂಡಿಗೆ ಹೋಟೆಲಿಗೆ ವಾಪಸ್ ಹೋಗುತ್ತಾರೆ. ನೋಡಬಾರದು ಅಂತಲ್ಲ, ಚೆನ್ನಾಗೇ ಇರುತ್ತದೆ. ಆದರೆ ನಡುಗೋಪುರದ ನೆತ್ತಿಯ ಮೇಲೇ ಸೂರ್ಯ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ.

ನನಗೆ ಬೇಕಿದ್ದದ್ದು ಗೋಡೆಗಳು. ಆಂಕೋರ್ ವಾಟ್‌ನ ಹೊರಸುತ್ತಿನ ಕೈಸಾಲೆಗಳಲ್ಲಿ ನೂರಾರು ಮೀಟರ್ ಉದ್ದಕ್ಕೂ ಉಬ್ಬುಶಿಲ್ಪಗಳಿವೆ. ಮಹಾಭಾರತ, ರಾಮಾಯಣ, ಸಮುದ್ರಮಥನ, ಸ್ವರ್ಗ ನರಕ ಎಲ್ಲ ಇವೆ. ಆದರೆ ಕೆತ್ತನೆ ಬಹಳ ತೆಳು. ನಮ್ಮ ಹೊಯ್ಸಳರ ಬಳಪದ ಕಲ್ಲಿನ ಕೆತ್ತನೆಯಲ್ಲಿ ಬೊಂಬೆಯ ಹಿಂದೆ ಬೆರಳು ತೂರುತ್ತದೆ, ಅಷ್ಟು ಆಳ. ಮೋಡ ಕವಿದಿದ್ದರೂ ಕಾಣುತ್ತದೆ. ಇಲ್ಲಿ ಮರಳುಗಲ್ಲಿನ ಮೇಲೆ ತೆಳ್ಳಗೆ ಬಿಡಿಸಿದ ಹಾಗಿದೆ. ಓರೆ ಬಿಸಿಲು ಬೀಳದಿದ್ದರೆ ಗೋಡೆ ಸಪಾಟು. ಮೇಲಾಗಿ ಕೈಸಾಲೆಗೆ ಚಾವಣಿ ಬೇರೆ ಇದೆ. ಸೂರ್ಯ ಕೆಳಗಿದ್ದಾಗ ಮಾತ್ರ ಬಿಸಿಲು ಕಂಬಗಳ ನಡುವೆ ತೂರಿ ಒಳಗೋಡೆ ಮುಟ್ಟುತ್ತದೆ.

ಹಾಗಾಗಿ ಊರಲ್ಲೇ ನಕ್ಷೆ ಇಟ್ಟುಕೊಂಡು ಒಂದು ಹಾಳೆ ಬರೆದೆ. ಪೂರ್ವದ ಗೋಡೆಗಳು ಬೆಳಗ್ಗೆ, ಪಶ್ಚಿಮದವು ಮಧ್ಯಾಹ್ನ ಮೂರೂವರೆ ಮೇಲೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಗೋಡೆಗೆ ಹೆಚ್ಚು ಹೊತ್ತು ಬೆಳಕು. ಉತ್ತರದ ಗೋಡೆಗೆ ಬಿಸಿಲೇ ಇಲ್ಲ. ಅದೇನೂ ದೊಡ್ಡ ನಷ್ಟವಲ್ಲ ಬಿಡಿ. ಅಲ್ಲಿನ ಕೆತ್ತನೆ 16ನೇ ಶತಮಾನದಲ್ಲಿ ಮಾಡಿದ್ದು, ಕೈ ಅಷ್ಟು ಚೆನ್ನಾಗಿಲ್ಲ. ನೆತ್ತಿ ಬಿಸಿಲಿನ ಹೊತ್ತಿಗೆ ಮರಗಳಿರುವ ಜಾಗ.

ಜೊತೆಗೆ ಬಂದವರು ಹಾಸನದ ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಪ್ಪ ರಿಟೈರ್ ಆದ ಮೇಷ್ಟ್ರು. ಯಾವ ದೇವಸ್ಥಾನ ತೋರಿಸಿದರೂ ಬೇಲೂರಿನ ಪಕ್ಕದಲ್ಲಿಟ್ಟು ತೂಗುವ ಜಾತಿ. ನಾವು ಬ್ಯಾಂಕಾಕ್ ಮೇಲೆ, ಆಂಕೋರ್‌ಗೆ ಹತ್ತಿರದ ಊರಾದ ಸಿಯೆಮ್ ರೀಪ್‌ಗೆ ಹೋದೆವು. 2023ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿಂದ ಸುಮಾರು 40 ಕಿಲೋಮೀಟರ್ ಆಚೆಗಿದೆ, ಬಾಡಿಗೆಗೆ ಸ್ವಲ್ಪ ಜಾಸ್ತಿ ದುಡ್ಡು ತೆಗೆದಿಟ್ಟುಕೊಳ್ಳಿ. ಡಾಲರ್ ಎಲ್ಲ ಕಡೆ ನಡೆಯುತ್ತದೆ, ಆದರೆ ನೋಟಿನ ಅಂಚು ಒಂದಿಷ್ಟು ಹರಿದಿದ್ದರೂ ಮುಟ್ಟುವುದಿಲ್ಲ. ಆಂಕೋರ್ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದನ್ನು ಹತ್ತು ದಿನದೊಳಗೆ ಬಿಟ್ಟು ಬಿಟ್ಟು ಬಳಸಬಹುದು. ಬಿಸಿಲು ನೋಡಿಕೊಂಡು ಓಡಾಡುವವರಿಗೆ ಅದೇ ಸರಿ.

ಟುಕ್‌ಟುಕ್ ಹುಡುಗನಿಗೆ ನನ್ನ ಹಾಳೆ ನೋಡಿ ತಲೆ ಕೆಟ್ಟಿತು. ಅಲ್ಲಿ ಚಿಕ್ಕ ಸುತ್ತು, ದೊಡ್ಡ ಸುತ್ತು ಅಂತ ಎರಡು ದಾರಿ ಗೊತ್ತುಮಾಡಿಟ್ಟಿದ್ದಾರೆ, ಎಲ್ಲರೂ ಅದರಲ್ಲೇ ಹೋಗುತ್ತಾರೆ. ನಾನು ಮೊದಲ ದಿನವೇ ಬೆಳಗ್ಗೆ ಏಳಕ್ಕೆ ಆಂಕೋರ್ ವಾಟ್‌ನ ಹಿಂದಿನ, ಅಂದರೆ ಪೂರ್ವದ ಬಾಗಿಲಿಗೆ ಬಿಡು ಅಂದೆ. ಮುಂದಿನ ಬಾಗಿಲು ಆ ಕಡೆ ಅಂತ ಅವನು ಎರಡು ಸಲ ಕೈ ತೋರಿಸಿದ. ದಿನದ ಬಾಡಿಗೆ ಇಷ್ಟು ಅಂತ ಒಪ್ಪಿಸಿದ ಮೇಲೆ ತಕರಾರು ಮಾಡಲಿಲ್ಲ.

ಪೂರ್ವದ ಕಡೆ ಕಂದಕ ದಾಟಲು ಮಣ್ಣಿನ ಏರಿ ಇದೆ. ಆಮೇಲೆ ಮರಗಳ ಸಾಲು. ಒಬ್ಬರೂ ಇರಲಿಲ್ಲ ಅನ್ನಬಹುದು, ಒಬ್ಬ ಮುದುಕ ಸೈಕಲ್ಲಲ್ಲಿ ಹೋಗುತ್ತಿದ್ದ. ಕೈಸಾಲೆಗೆ ಹತ್ತಿ ಎಡಕ್ಕೆ ತಿರುಗಿದರೆ ಸಮುದ್ರಮಥನ. ಒಂದೇ ಫಲಕ, ಸುಮಾರು 49 ಮೀಟರ್ ಉದ್ದ. ಕಂಬಗಳ ನಡುವಿಂದ ಬಿಸಿಲು ಪಟ್ಟಿ ಪಟ್ಟಿಯಾಗಿ ಬಿದ್ದಿತ್ತು.

ಎಡಗಡೆ ಅಸುರರು, ಬಲಗಡೆ ದೇವತೆಗಳು. ಎಲ್ಲರ ಕೈಯಲ್ಲೂ ವಾಸುಕಿಯ ಮೈ. ನಡುವೆ ಮಂದರದ ಮುಂದೆ ವಿಷ್ಣು, ಕೆಳಗೆ ಆಮೆ. ದೂರದಿಂದ ನೋಡಿದರೆ ಒಂದೇ ಬೊಂಬೆಯನ್ನು ಸಾಲಾಗಿ ಅಚ್ಚೊತ್ತಿದ ಹಾಗಿದೆ. ಹತ್ತಿರ ಹೋಗಿ ಕೆಳಗಿನ ನೀರಿನ ಭಾಗ ನೋಡಬೇಕು. ತುದಿಗಳಲ್ಲಿ ಮೀನು, ಮೊಸಳೆ ಎಲ್ಲ ಆರಾಮಾಗಿ ಈಜುತ್ತಿವೆ. ಮಂದರದ ಹತ್ತಿರ ಬರುತ್ತಾ ಬರುತ್ತಾ ಅವು ತುಂಡಾಗುತ್ತವೆ. ಕಡೆಗೋಲಿನ ರಭಸಕ್ಕೆ ಸಿಕ್ಕಿ ಮೀನುಗಳು ಅರ್ಧಕ್ಕೆ ಕತ್ತರಿಸಿಹೋಗಿವೆ. ಮೇಲೆ ಅಪ್ಸರೆಯರು ಹಾರುತ್ತಿದ್ದಾರೆ, ಕೆಳಗೆ ಈ ಗತಿ. ಕೆತ್ತಿದವನು ನೀರಿನ ಸೆಳೆತ ಕಂಡವನೇ ಇರಬೇಕು.

ಚಿಕ್ಕಪ್ಪ ದೇವತೆಗಳ ಸಾಲು ಹಿಡಿದು ಬಲತುದಿಯವರೆಗೆ ನಡೆದರು. ಅಲ್ಲಿ ವಾಸುಕಿಯ ಬಾಲ ಹಿಡಿದಿರುವುದು ಒಂದು ದೊಡ್ಡ ಕಪಿ.

"ಏನೇ ಇದು? ಸಮುದ್ರಮಥನಕ್ಕೆ ಹನುಮಂತ ಯಾವಾಗ ಬಂದ?"

"ಇವರ ಕಥೆಯಲ್ಲಿ ಬಂದಿದ್ದಾನೆ, ಚಿಕ್ಕಪ್ಪ."

"ತ್ರೇತಾಯುಗದವನು ಕಣೆ ಅವನು" ಅಂತ ಗೊಣಗಿದರು. ಆದರೆ ಆ ಕಪಿಯ ಫೋಟೋ ಮಾತ್ರ ನಾಲ್ಕು ತೆಗೆದರು.

ಫಲಕದ ಎಡತುದಿಗೆ ವಾಪಸ್ ಬಂದು ಮೂಲೆ ತಿರುಗಿದರೆ ದಕ್ಷಿಣದ ಕೈಸಾಲೆ. ಮೊದಲು ಸಿಗುವುದು ಸ್ವರ್ಗ ನರಕ. ಬಹಳ ಕೈಗಳ ಯಮ ಕೋಣದ ಮೇಲೆ ಕೂತಿದ್ದಾನೆ, ಚಿತ್ರಗುಪ್ತನೂ ಇದ್ದಾನೆ. ಮೇಲಿನ ಸಾಲುಗಳಲ್ಲಿ ಪುಣ್ಯವಂತರು, ಕೆಳಗೆ ಪಾಪಿಗಳ ಮೈಗೆ ಮೊಳೆ ಹೊಡೆಯುತ್ತಿದ್ದಾರೆ. ನರಕಗಳೇ 32. ಯಾವ ನರಕ ಯಾವ ತಪ್ಪಿಗೆ ಅಂತ ಗೋಡೆಯ ಮೇಲೆ ಸಣ್ಣ ಅಕ್ಷರದಲ್ಲಿ ಕೊರೆದಿದ್ದಾರೆ. ಮುಂದಿನ ಅರ್ಧದಲ್ಲಿ ಇದನ್ನೆಲ್ಲ ಕಟ್ಟಿಸಿದ ಎರಡನೇ ಸೂರ್ಯವರ್ಮನ ಮೆರವಣಿಗೆ. ದೊರೆ, ಆನೆ ಮೇಲಿನ ದಂಡನಾಯಕರು, ತಲೆಯ ಮೇಲೆ ಕೊಡೆಗಳು. ಕೊಡೆ ಎಷ್ಟೋ ಅಧಿಕಾರ ಅಷ್ಟು. ಸೈನಿಕರ ಸಾಲು ನೇರ ಹೋಗುತ್ತದೆ, ಸಯಾಮಿನ, ಅಂದರೆ ಈಗಿನ ಥಾಯ್ಲೆಂಡ್ ಕಡೆಯ, ಕೂಲಿ ಸೈನಿಕರದ್ದು ಮಾತ್ರ ಚೆಲ್ಲಾಪಿಲ್ಲಿ. ಕೆತ್ತಿದವರು ಖ್ಮೇರ್ ಜನ, ಕಾಂಬೋಡಿಯಾದವರು ತಾನೇ!

ಮಧ್ಯಾಹ್ನದ ಹೊತ್ತಿಗೆ ತಾ ಪ್ರೋಮ್. ಏಳನೇ ಜಯವರ್ಮ ತಾಯಿಯ ಹೆಸರಲ್ಲಿ 1186ರಲ್ಲಿ ಪ್ರತಿಷ್ಠೆ ಮಾಡಿಸಿದ ಬೌದ್ಧ ವಿಹಾರ. ಗೋಡೆಗಳ ಮೇಲೆ ಮರ ಕೂತಿರುವ ಚಿತ್ರ ನೋಡಿರುತ್ತೀರಿ. ಗುಂಪಿನವರೆಲ್ಲ ಊಟಕ್ಕೆ ಹೋದ ಹೊತ್ತಿಗೆ ಹೋದರೆ ನೆರಳೂ ಇರುತ್ತದೆ, ಜಾಗವೂ ಇರುತ್ತದೆ. ಬೂದು ಬಣ್ಣದ ದಪ್ಪ ಬೇರಿನ ದೊಡ್ಡ ಮರ ಟೆಟ್ರಾಮೆಲೆಸ್. ನಮ್ಮ ಪಶ್ಚಿಮ ಘಟ್ಟದ ಕಾಡಲ್ಲೂ ಇದೆ, ಅಲ್ಲಿ ನಾವು ತಿರುಗಿ ನೋಡುವುದಿಲ್ಲ. ಇಲ್ಲಿ ಅದರ ಮುಂದೆ ಫೋಟೋಗೆ ಕ್ಯೂ. ಮರ ಕಡಿದರೆ ಗೋಡೆ ಬೀಳುತ್ತದೆ, ಬಿಟ್ಟರೆ ಮರವೇ ಬೀಳಿಸುತ್ತದೆ. ಈ ಪೇಚಿನ ಕೆಲಸ ಮಾಡುತ್ತಿರುವವರಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಇದ್ದಾರೆ. ಬೋರ್ಡಿನ ಮೇಲೆ ಭಾರತದ ಹೆಸರು ಕಂಡು ಚಿಕ್ಕಪ್ಪನಿಗೆ ಖುಷಿಯೋ ಖುಷಿ.

ಅದೇ ದಿನ ಸಂಜೆ ಬಾಯೊನ್. ಇದೂ ಏಳನೇ ಜಯವರ್ಮನದ್ದೇ. ಎಲ್ಲರೂ ಮೇಲೆ ಹತ್ತಿ ಗೋಪುರದ ನಗುಮುಖಗಳ ಜೊತೆ ಮೂಗಿಗೆ ಮೂಗು ತಾಗಿಸಿದ ಹಾಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಕೆಳಗೇ ಉಳಿದೆವು. ಹೊರಸುತ್ತಿನ ದಕ್ಷಿಣದ ಗೋಡೆಗೆ ಇಳಿಬಿಸಿಲು ಬಿದ್ದಿತ್ತು. ಇಲ್ಲಿ ದೇವರು ಕಡಿಮೆ, ಸಂಸಾರ ಜಾಸ್ತಿ. ಕೋಳಿ ಜಗಳ, ಸಂತೆಯಲ್ಲಿ ಕೂತ ಹೆಂಗಸರು, ಅನ್ನ ಬೇಯಿಸುವವರು, ಹೆರಿಗೆ. ಪಕ್ಕದ ಚಂಪಾ ರಾಜ್ಯದವರ (ಈಗಿನ ವಿಯೆಟ್ನಾಂ ಕಡೆ) ಜೊತೆ ದೋಣಿ ಯುದ್ಧ ನಡೆಯುತ್ತಿದ್ದರೆ ಅದರ ಪಾಡಿಗೆ ಊರು ನಡೆಯುತ್ತಿದೆ. ದೋಣಿಗಳ ಕೆಳಗಿನ ಮೀನುಗಳನ್ನು ನೋಡುತ್ತಿದ್ದ ಚಿಕ್ಕಮ್ಮ ನನ್ನನ್ನು ಕರೆದರು. "ಮೀನು ಮರದ ಕೊಂಬೆಯಲ್ಲಿ ಓಡಾಡ್ತಿದೆಯಲ್ಲೇ?" ನಿಜ. ಮರ, ಎಲೆ, ನಡುವೆ ಮೀನು. ಕಲ್ಲಲ್ಲಿ ಜಾಗ ಸಾಲದೆ ಹೀಗೆ ಸೇರಿಸಿದ್ದಾರೇನೋ ಅಂದುಕೊಂಡೆವು.

ಮಾರನೇ ದಿನ ಟೋನ್ಲೆ ಸಾಪ್ ಕೆರೆಗೆ ಹೋದಾಗ ಆ ಒಗಟು ಬಿಡಿಸಿಕೊಂಡಿತು. ಅದನ್ನು ಕೆರೆ ಅನ್ನುವುದೂ ಕಷ್ಟ, ದಡ ಕಾಣುವುದಿಲ್ಲ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವುದು ಮಳೆಗಾಲದಲ್ಲಿ ಐದಾರು ಪಟ್ಟು ಹಿಗ್ಗುತ್ತದೆ. ಕೆರೆಯಿಂದ ಒಂದು ಹೊಳೆ ಹೊರಟು ರಾಜಧಾನಿ ನೊಮ್ ಪೆನ್‌ನಲ್ಲಿ ಮೆಕಾಂಗ್ ನದಿ ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಇದರ ನೀರಿಗಿಂತ ಮೇಲೆ ಬರುತ್ತದೆ. ಆಗ ಹೊಳೆ ಹಿಂದಕ್ಕೆ ತಿರುಗಿ ಕೆರೆಯನ್ನೇ ತುಂಬಿಸುತ್ತದೆ. ಮಳೆ ನಿಂತು ಮೆಕಾಂಗ್ ಇಳಿದ ಮೇಲೆ ಮತ್ತೆ ಮುಂದಕ್ಕೆ. ಆ ತಿರುವಿಗೆ ನವೆಂಬರ್ ಆಸುಪಾಸಿನಲ್ಲಿ ದೋಣಿ ಪಂದ್ಯದ ದೊಡ್ಡ ಹಬ್ಬವೇ ಇದೆ. "ಹೊಳೆ ಹಿಂದಕ್ಕೆ ಹರಿಯುತ್ತಾ? ಸುಮ್ನಿರು" ಅಂದಿದ್ದ ಚಿಕ್ಕಪ್ಪ, ದೋಣಿಯಲ್ಲಿ ಕೂತು ಮನೆಗಳ ಕಂಬದ ಮೇಲಿನ ನೀರಿನ ಗುರುತು ನೋಡಿ ಸುಮ್ಮನಾದರು.

ಕಾಂಪೊಂಗ್ ಪ್ಲುಕ್ ಅನ್ನುವ ಊರಲ್ಲಿ ಮನೆ, ಸ್ಕೂಲು ಎಲ್ಲ ಎತ್ತರದ ಕಂಬಗಳ ಮೇಲೆ. ಊರು ದಾಟಿದರೆ ಕಾಡು, ಸೊಂಟದವರೆಗೆ ನೀರಲ್ಲಿ ನಿಂತ ಕಾಡು. ಸಣ್ಣ ದೋಣಿಯಲ್ಲಿ ಒಬ್ಬ ಹೆಂಗಸು ಹುಟ್ಟು ಹಾಕುತ್ತಾ ಮರಗಳ ನಡುವೆ ಕರೆದುಕೊಂಡು ಹೋದಳು. ಕೊಂಬೆಗಳು ತಲೆಗೆ ತಾಗುತ್ತಿದ್ದವು. ಪಕ್ಕದಲ್ಲಿ ಮರದಿಂದ ಮರಕ್ಕೆ ಬಲೆ ಕಟ್ಟಿದ್ದರು, ಎಲೆಗಳ ನಡುವೆ ಮೀನು ಮಿಂಚಿತು. ಮೀನು ಮರಿಮಾಡುವುದು, ಬಲಿಯುವುದು ಇದೇ ಮುಳುಗಿದ ಕಾಡಲ್ಲಿ. ಬಾಯೊನ್ ಗೋಡೆಯಲ್ಲಿ ಕೆತ್ತಿದ್ದು ಇದನ್ನೇ. ಈ ದೋಣಿಗೆ ಆಂಕೋರ್ ಟಿಕೆಟ್ ನಡೆಯುವುದಿಲ್ಲ, ಬೇರೆ ದುಡ್ಡು. ಮಾರ್ಚ್ ಏಪ್ರಿಲ್‌ನಲ್ಲಿ ಹೋದರೆ ನೀರು ಇಳಿದು ಕೆಸರು ಮಾತ್ರ ಸಿಗುತ್ತದೆ, ಆಗ ಹೋಗಬೇಡಿ.

ಬಂತೆಯ್ ಸ್ರೇಯಿ ಪೂರ್ವಮುಖಿ, ಅದಕ್ಕೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿದ್ದೆವು. 967ರ ಶಿವಾಲಯ. ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಅನ್ನುವ ವಿದ್ವಾಂಸ. ಗುಲಾಬಿ ಬಣ್ಣದ ಕಲ್ಲು, ಗುಡಿಗಳು ಇಷ್ಟಿಷ್ಟೇ. ಬೇಲೂರಿನವರಿಗೆ ಇಡೀ ಆಂಕೋರ್‌ನಲ್ಲಿ ಮನಸ್ಸಿಗೆ ಹತ್ತುವುದು ಇದೇ, ನನ್ನನ್ನು ಕೇಳಿದರೆ. ಇಲ್ಲಿ ಕೆತ್ತನೆ ಆಳವಾಗಿದೆ. ದಕ್ಷಿಣದ ಗ್ರಂಥಾಲಯ ಅನ್ನುವ ಕಟ್ಟಡದ ಪೂರ್ವದ ಮುಖದಲ್ಲಿ ಕೈಲಾಸ ಎತ್ತುವ ರಾವಣ. ಮೆಟ್ಟಿಲು ಮೆಟ್ಟಿಲಾದ ಬೆಟ್ಟ, ಮೇಲೆ ಶಿವ, ಹೆದರಿ ಅವನನ್ನು ತಬ್ಬಿಕೊಂಡ ಪಾರ್ವತಿ, ಕೆಳಗೆ ದಿಕ್ಕಾಪಾಲಾಗಿ ಓಡುವ ಪ್ರಾಣಿಗಳು. ಹಳೇಬೀಡಿನ ಗೋಡೆಯಲ್ಲಿ ನೋಡಿದ ಕಥೆಯೇ. ಅಲ್ಲಿನ ಕೈಲಾಸದಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ತುಂಬಿದೆ. ಇಲ್ಲಿ ರಾವಣನಿಗೆ ಬೆನ್ನು ಬಗ್ಗಿಸಲು ಜಾಗ ಬಿಟ್ಟಿದ್ದಾರೆ.

ಉತ್ತರದ ಕಟ್ಟಡದಲ್ಲಿ ಖಾಂಡವ ವನ. ಮೇಲೆ ಐರಾವತದ ಮೇಲೆ ಇಂದ್ರ. ಮಳೆಯನ್ನು ಓರೆ ಗೆರೆಗಳಾಗಿ ಕೊರೆದಿದ್ದಾರೆ. ಅದರ ಕೆಳಗೆ ಬಾಣಗಳ ಚಪ್ಪರ, ಮಳೆ ಕಾಡಿಗೆ ಬೀಳದ ಹಾಗೆ. ಈ ಗೆರೆಗಳು ಕೂದಲೆಳೆಯಷ್ಟು. ಹನ್ನೊಂದು ಗಂಟೆಗೆ ನಾವು ಇನ್ನೊಮ್ಮೆ ಬಂದು ನೋಡಿದಾಗ ಬಿಸಿಲು ನೆತ್ತಿಗೆ ಏರಿತ್ತು. ಬಾಣ ಯಾವುದು, ಮಳೆ ಯಾವುದು ಅಂತ ಬೇರೆ ಮಾಡಲು ಆಗಲಿಲ್ಲ.

ವಾಪಸ್ ಬರುವ ದಾರಿಯಲ್ಲಿ ಚಿಕ್ಕಮ್ಮ ಟುಕ್‌ಟುಕ್ ನಿಲ್ಲಿಸಿದರು. ಪಾಪ, ಅವರಿಗೆ ಊಟ ಸರಿಹೋಗಿರಲಿಲ್ಲ. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾರದ ಸಾಸ್ ಹಾಕುತ್ತಾರೆ. ಬೇಡ ಅಂತ ಬರೆದು ತೋರಿಸಿದರೂ ವಾಸನೆ ಬಂದೇ ಬರುತ್ತದೆ. ತಂದಿದ್ದ ಅವಲಕ್ಕಿ, ಚಟ್ನಿಪುಡಿಯಲ್ಲೇ ದಿನ ತಳ್ಳುತ್ತಿದ್ದರು. ರಸ್ತೆ ಬದಿ ಮಣ್ಣಿನ ಒಲೆ, ಅದರ ಮೇಲೆ ಅಗಲ ಬಾಣಲೆ, ತಾಳೆಮರದ ನೀರು ಕುದಿಯುತ್ತಿತ್ತು. ಆಲೆಮನೆಯದ್ದೇ ವಾಸನೆ. ಕಾಯಿಸುತ್ತಿದ್ದ ಹೆಂಗಸು ಸೌಟಿಂದ ಒಂದು ಹನಿ ಎತ್ತಿದಾಗ ಚಿಕ್ಕಮ್ಮ ಬೆರಳಲ್ಲಿ ಹಿಡಿದು ಎಳೆದು ನೋಡಿದರು. "ಇನ್ನೂ ಒಂದೆಳೆ ಪಾಕ" ಅಂದರು ಕನ್ನಡದಲ್ಲೇ. ಆ ಹೆಂಗಸು ತಲೆ ಆಡಿಸಿ ಖ್ಮೇರ್‌ನಲ್ಲಿ ಏನೋ ಹೇಳಿ ಸೌದೆ ಮುಂದೆ ತಳ್ಳಿದಳು. ಹದ ಬಂದ ಮೇಲೆ ತಾಳೆ ಗರಿಯ ಪುಟ್ಟ ಬಳೆಗಳಲ್ಲಿ ಹೊಯ್ದು ಬಿಲ್ಲೆ ಮಾಡಿದಳು. ನಮ್ಮ ಬ್ಯಾಗಿನಲ್ಲಿ ಅದೇ ಭಾರ ಹೆಚ್ಚಾಯಿತು.

ಮಧ್ಯಾಹ್ನ ಮೂರೂವರೆಗೆ ಆಂಕೋರ್ ವಾಟ್‌ನ ಮುಂಬಾಗಿಲು. ಮೇಲಿನ ಅಂತಸ್ತಿಗೆ ಕಡಿದಾದ ಮೆಟ್ಟಿಲಿದೆ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಇಲ್ಲದಿದ್ದರೆ ಬಿಡುವುದಿಲ್ಲ. ಬೌದ್ಧರ ಪುಣ್ಯದಿನಗಳಲ್ಲಿ ಅದು ಮುಚ್ಚಿರುತ್ತದೆ. ಚಿಕ್ಕಮ್ಮ ಸೀರೆಯಲ್ಲೇ ಹತ್ತಿ ಇಳಿದರು. ಚಿಕ್ಕಪ್ಪ ಮಂಡಿನೋವು ಅಂದುಕೊಂಡು ನನ್ನ ಜೊತೆ ಪಶ್ಚಿಮದ ಕೈಸಾಲೆಯಲ್ಲಿ ಉಳಿದರು.

ಬಲಗಡೆಯ ಅರ್ಧ ಪೂರ್ತಿ ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು, ನಡುವೆ ಕೈ ಕೈ ಮಿಲಾಯಿಸಿದ ಗದ್ದಲ. ಬಿಸಿಲು ಒಳಗೆ ಬರುತ್ತಿದ್ದ ಹಾಗೆ ಒಬ್ಬೊಬ್ಬರಾಗಿ ಎದ್ದುಬಂದರು. ಶತಮಾನಗಳಿಂದ ಕೈ ಸವರಿ ಸವರಿ ಕಲ್ಲು ಕೆಲವು ಕಡೆ ಕನ್ನಡಿಯಷ್ಟು ನುಣುಪಾಗಿದೆ, ಈಗ ಮುಟ್ಟುವ ಹಾಗಿಲ್ಲ. ಎಡಗಡೆ ಮೇಲೆ ಭೀಷ್ಮ ಶರಶಯ್ಯೆಯಲ್ಲಿದ್ದಾನೆ. ಅರ್ಜುನನ ರಥ ಹುಡುಕುವುದು ಸುಲಭ, ಸಾರಥಿಗೆ ನಾಲ್ಕು ಕೈ.

ಚಿಕ್ಕಪ್ಪ ಬಗ್ಗಿ ಬಗ್ಗಿ ಬೊಂಬೆಗಳ ಕಾಲಬುಡ ನೋಡುತ್ತಿದ್ದರು. ಏನು ಹುಡುಕುತ್ತಿದ್ದೀರಿ ಅಂದೆ.

"ಹೆಸರು. ಯಾರು ಕೆತ್ತಿದ್ದು ಅಂತ ಬರೆದಿಲ್ವಲ್ಲೇ."

ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ವಿಷ್ಣುವರ್ಧನ ಬೇಲೂರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಒಂದೇ ಕಾಲಕ್ಕೆ ಎರಡೂ ಕಡೆ ವಿಷ್ಣುವಿನ ಗುಡಿಗೆ ಉಳಿ ಹಿಡಿದಿದ್ದರು. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಇಲ್ಲಿ ಇಷ್ಟು ಉದ್ದದ ಗೋಡೆಗೂ ಶಿಲ್ಪಿಯ ಹೆಸರಿಲ್ಲ. ಚಿಕ್ಕಪ್ಪನ ತೂಕದಲ್ಲಿ ಬೇಲೂರು ಗೆದ್ದಿದ್ದು ಅಲ್ಲೇ. ಗಾತ್ರದ ಮಾತಿಗೆ ಅವರು ಹೋಗಲೇ ಇಲ್ಲ.

ಐದೂವರೆಗೆ ಕಾವಲಿನವರು ಎಲ್ಲರನ್ನೂ ಹೊರಡಿಸಿದರು. ಎಡಗಡೆಯ ಅರ್ಧದಲ್ಲಿದ್ದ ಲಂಕೆಯ ಯುದ್ಧಕ್ಕೆ ಹೊತ್ತು ಸಾಲಲಿಲ್ಲ, ಹನುಮಂತನ ಹೆಗಲೇರಿದ ರಾಮನನ್ನು ಹೋಗುತ್ತಾ ನೋಡಿದ್ದಷ್ಟೇ. ಟಿಕೆಟ್ಟಲ್ಲಿ ಇನ್ನೊಂದು ದಿನ ಬಾಕಿ ಇತ್ತು. ಟುಕ್‌ಟುಕ್ ಹುಡುಗನಿಗೆ ನಾಳೆ ಬೆಳಗ್ಗೆ ಬರಬೇಡ, ಮೂರು ಗಂಟೆಗೆ ಬಾ ಅಂದೆವು. ಈ ಸಲ ಅವನು ಯಾಕೆ ಅಂತ ಕೇಳಲಿಲ್ಲ.