ಥೆಲೋನಿಯಸ್ ಮಂಕ್ ಪಿಯಾನೋ ಕೇಳೋದು ಹೇಗೆ?

ನಾನು ಕೀಬೋರ್ಡ್ ಕಲಿಸುತ್ತೇನೆ. ಅಮೆರಿಕದ ಜಾಝ್ ಪಿಯಾನೋ ವಾದಕ ಮಂಕ್ ಅವರ ರೆಕಾರ್ಡಿಂಗ್ ಹಾಕಿದರೆ ಹೊಸಬರು ಮೊದಲು ಕೇಳುವುದು ಒಂದೇ: "ಇವರು ತಪ್ಪು ನುಡಿಸ್ತಿದ್ದಾರಾ?" ಇಲ್ಲ. ಒಂದೊಂದು ಸ್ವರವನ್ನೂ ಬೇಕು ಅಂತಲೇ ಇಟ್ಟಿದ್ದಾರೆ. ಅದು ಕಿವಿಗೆ ಸಿಗಬೇಕಾದರೆ ಸ್ವಲ್ಪ ತಯಾರಿ ಬೇಕು, ಅಷ್ಟೇ.

ಅವರದೇ ಟ್ಯೂನ್ 'ಬ್ಲೂ ಮಂಕ್'ನಿಂದ ಶುರು ಮಾಡಿ. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ಒಬ್ಬರೇ ನುಡಿಸಿದ ರೆಕಾರ್ಡಿಂಗ್ ಹುಡುಕಿ. ಡ್ರಮ್ ಇಲ್ಲ, ಬೇಸ್ ಇಲ್ಲ, ಎಲ್ಲವೂ ಬಿಡಿಸಿಟ್ಟ ಹಾಗೆ ಕೇಳುತ್ತದೆ. ಇದು 12 ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ತುಂಡು) ಬ್ಲೂಸ್. ಬಾರ್‌ಗೆ ನಾಲ್ಕು ಎಣಿಕೆಯಂತೆ ಕೈಯಲ್ಲಿ ತಾಳ ಹಾಕಿ, 48ಕ್ಕೆ ಒಂದು ಸುತ್ತು. ಟ್ಯೂನ್ ಬಾಯಿಗೆ ಬರುವವರೆಗೂ ಮುಂದೆ ಹೋಗಬೇಡಿ. ಎಷ್ಟೋ ಜನ ಜಾಝ್ ವಾದಕರು ಸೋಲೋ (ಸ್ಥಳದಲ್ಲೇ ಕಟ್ಟಿ ನುಡಿಸುವ ಭಾಗ) ಶುರುವಾದ ಕೂಡಲೇ ಟ್ಯೂನ್ ಬಿಟ್ಟು, ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ಓಡುತ್ತಾರೆ. ಮಂಕ್ ಆ ಟ್ಯೂನನ್ನೇ ಮುರಿದು, ತಿರುಗಿಸಿ, ಮತ್ತೆ ಮತ್ತೆ ಹೇಳುತ್ತಾರೆ. ಟ್ಯೂನ್ ಗೊತ್ತಿಲ್ಲದೆ ಅವರ ಸೋಲೋ ಕೇಳುವುದು, ಸಾಹಿತ್ಯದ ಸಾಲು ಗೊತ್ತಿಲ್ಲದೆ ನೆರವಲ್ (ಅದೇ ಸಾಲನ್ನು ಬಗೆಬಗೆಯಾಗಿ ಹಾಡುವುದು) ಕೇಳಿದ ಹಾಗೆ.

ಆಮೇಲೆ 1951ರ 'ಸ್ಟ್ರೈಟ್, ನೋ ಚೇಸರ್'. ಇದೂ 12 ಬಾರ್. ಒಂದು ಪುಟ್ಟ ಸಂಗತಿ (ಸ್ವರಗಳ ತುಣುಕು) ಪದೇ ಪದೇ ಬರುತ್ತದೆ, ಆದರೆ ಪ್ರತಿ ಸಲ ತಾಳದ ಬೇರೆ ಜಾಗದಲ್ಲಿ ಎತ್ತಿಕೊಳ್ಳುತ್ತದೆ. ತಾಳ ಬಿಡದೆ ಹಾಕಿ. ಸಂಗತಿ ಜಾರಿದ ಗಳಿಗೆ ಗೊತ್ತಾದರೆ ಎಷ್ಟು ಖುಷಿ ಆಗುತ್ತೆ ಅಂತೀರಾ!

ಇನ್ನು ಆ 'ತಪ್ಪು' ಸ್ವರಗಳು. ಕೀಬೋರ್ಡ್ ಇದ್ದರೆ ನೀವೇ ಮಾಡಿ ನೋಡಿ. ಅಕ್ಕಪಕ್ಕದ ಒಂದು ಬಿಳಿ, ಒಂದು ಕಪ್ಪು ಕೀ ಒಟ್ಟಿಗೆ ಒತ್ತಿ, ತಕ್ಷಣ ಒಂದನ್ನು ಬಿಡಿ. ಉಳಿದ ಸ್ವರ ಬಾಗಿದ ಹಾಗೆ ಕೇಳುತ್ತದೆ. ಪಿಯಾನೋದಲ್ಲಿ ಸ್ವರ ಎಳೆಯಲು ಆಗುವುದಿಲ್ಲ ಅಲ್ವಾ? ಮಂಕ್ ಹೀಗೆ ದಾರಿ ಮಾಡಿಕೊಂಡರು.

ಆಗ ಪೊಲೀಸರು ಕೊಡುತ್ತಿದ್ದ ಕ್ಯಾಬರೆ ಕಾರ್ಡ್, ಅಂದರೆ ಕ್ಲಬ್‌ಗಳಲ್ಲಿ ನುಡಿಸುವ ಪರವಾನಗಿ, 1951ರಲ್ಲಿ ಕೈತಪ್ಪಿದ್ದರಿಂದ ಮಂಕ್ ವರ್ಷಗಟ್ಟಲೆ ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ನುಡಿಸುವಂತಿರಲಿಲ್ಲ. 1957ರಲ್ಲಿ ಫೈವ್ ಸ್ಪಾಟ್ ಕ್ಲಬ್‌ಗೆ ಬಂದಾಗ ಜೊತೆಗಿದ್ದವರು ಸ್ಯಾಕ್ಸೋಫೋನ್‌ನ ಜಾನ್ ಕೋಲ್ಟ್ರೇನ್. ಕೋಲ್ಟ್ರೇನ್ ನುಡಿಸುವಾಗ ಮಂಕ್ ಎಷ್ಟೋ ಸಲ ಪಿಯಾನೋದಿಂದ ಕೈ ತೆಗೆದು ಸುಮ್ನೆ ಇದ್ದುಬಿಡುತ್ತಿದ್ದರು. ಆ ಬಿಡುವಿನಲ್ಲಿ ಕೋಲ್ಟ್ರೇನ್ ಬೆಳೆದರು ಅನ್ನುವುದು ನನ್ನ ನಂಬಿಕೆ. ಅದೇ ನವೆಂಬರ್‌ನಲ್ಲಿ ಇಬ್ಬರೂ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಟೇಪ್ 2005ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಅದರಲ್ಲಿ 'ಎವಿಡೆನ್ಸ್' ಕೇಳಿ: ಒಂದು ಏಟು, ಖಾಲಿ, ಇನ್ನೊಂದು ಏಟು. ಖಾಲಿ ಜಾಗಗಳನ್ನೂ ಎಣಿಸಿ.

'ಬ್ರಿಲಿಯಂಟ್ ಕಾರ್ನರ್ಸ್' ಮಾತ್ರ ಕೊನೆಗಿರಲಿ. 1956ರಲ್ಲಿ ಸ್ಯಾಕ್ಸೋಫೋನ್‌ನ ಸನ್ನಿ ರಾಲಿನ್ಸ್, ಡ್ರಮ್‌ನ ಮ್ಯಾಕ್ಸ್ ರೋಚ್‌ರಂಥವರು ಕೂತರೂ ಆ ಟ್ಯೂನ್ ಒಂದೇ ಸಲಕ್ಕೆ ಸರಿಯಾಗಿ ಮುಗಿಯಲಿಲ್ಲ. ಬೇರೆ ಬೇರೆ ಟೇಕ್ (ಒಂದೊಂದು ಸಲ ನುಡಿಸಿದ್ದರ ರೆಕಾರ್ಡಿಂಗ್) ಅಂಟಿಸಿ ರೆಕಾರ್ಡ್ ಮಾಡಿದರು. ಮೇಲಿನ ಮೂರೂ ಗುನುಗಲು ಬಂದ ಮೇಲೆ ಅದನ್ನು ಹಾಕಿ.