ಅಪ್ಪ-ಅಮ್ಮನಿಗೆ ಅಮೆರಿಕದಲ್ಲಿ ಹೋಟೆಲ್ ಬುಕ್ ಮಾಡುವ ಮುಂಚೆ

ರಜೆಗೆ ಕಾರವಾರಕ್ಕೆ ಬಂದು ಎರಡು ವಾರ ಆಯ್ತು. ಅಷ್ಟರಲ್ಲೇ ಒಂದೇ ಕಥೆಯನ್ನು ಎರಡು ಮನೆಗಳಲ್ಲಿ ಕೇಳಿದೆ. ಒಂದು ಅಂಕೋಲಾದಲ್ಲಿ, ಇನ್ನೊಂದು ಇಲ್ಲೇ ಕೋಡಿಬಾಗದಲ್ಲಿ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮ. ದಾರಿಯಲ್ಲಿ ತಪ್ಪಿದ ವಿಮಾನ. ಮಗ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ ಹೋಟೆಲ್. ಆದರೆ ಕೌಂಟರ್‌ನಲ್ಲಿ ರೂಮ್ ಕೊಡಲಿಲ್ಲ. 2022ರಲ್ಲಿ ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ವೀಸಾ, ಸೂಟ್‌ಕೇಸಿನ ತೂಕ, ಉಪ್ಪಿನಕಾಯಿ ಬಾಟಲಿ ಎಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ಇದೊಂದನ್ನು ಮಾತ್ರ ಬರೆಯುತ್ತೇನೆ.

ಅಪ್ಪ-ಅಮ್ಮ ಅಮೆರಿಕದಲ್ಲಿರುವ ನನ್ನನ್ನು ನೋಡಲು ಹೊರಟಿದ್ದರು. ಷಿಕಾಗೊದಲ್ಲಿ ಇಮಿಗ್ರೇಷನ್ ಸಾಲು ಉದ್ದ ಇತ್ತು. ಮುಂದಿನ ವಿಮಾನ ತಪ್ಪಿತು, ಇನ್ನೊಂದು ಬೆಳಿಗ್ಗೆಗೆ. ನಾನು ಕಾರಿನಲ್ಲಿ ಐದು ಗಂಟೆ ದೂರದ ಊರಲ್ಲಿದ್ದೆ. ಏರ್‌ಪೋರ್ಟ್ ಹತ್ತಿರ ಒಂದು ರೂಮ್ ಬುಕ್ ಮಾಡಿದೆ. ನನ್ನ ಹೆಸರು, ನನ್ನ ಕಾರ್ಡ್. ರದ್ದು ಮಾಡಿದರೆ ದುಡ್ಡು ವಾಪಸ್ ಬಾರದ ಕಡಿಮೆ ದರ. ಅಪ್ಪ ಪಾಸ್‌ಪೋರ್ಟ್ ತೋರಿಸಿದರು. ಬುಕಿಂಗ್ ಇವರ ಹೆಸರಲ್ಲಿಲ್ಲ, ಕಾರ್ಡ್ ಇವರದ್ದಲ್ಲ, ಹಾಗಾಗಿ ಆಗಲ್ಲ ಅಂದರು ಕೌಂಟರ್‌ನವರು. ಅಪ್ಪನ ಹತ್ತಿರ ಊರಿನ ಬ್ಯಾಂಕಿನ ಡೆಬಿಟ್ ಕಾರ್ಡ್ ಇತ್ತು. ಅದು ಅಲ್ಲಿ ನಡೆಯಲೇ ಇಲ್ಲ. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ಭಾರತದೊಳಗೆ ಮಾತ್ರ ನಡೆಯುವಂತೆ ಬರುತ್ತವೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಿಸಬೇಕು. ನನಗೆ ಅದು ಹೊಳೆದಿರಲೇ ಇಲ್ಲ.

ನಾನು ಹೋಟೆಲ್‌ಗೆ ಫೋನ್ ಮಾಡಿ, ನಮ್ಮ ಅಪ್ಪ ಅಲ್ಲಿದ್ದಾರಾ ಎಂದು ಕೇಳಿದೆ. 'ಅಂಥವರು ಇಲ್ಲಿದ್ದಾರೆ ಅಥವಾ ಇಲ್ಲ ಎಂದು ಹೇಳುವಂತಿಲ್ಲ' ಅಂದ ಕೌಂಟರ್‌ನ ಹುಡುಗ. ನಾನು ಕೂಗಾಡಿದೆ. ಪ್ರಯೋಜನ ಆಗಲಿಲ್ಲ. ಕೊನೆಗೆ ಪರಿಚಯದ ಕನ್ನಡಿಗರೊಬ್ಬರು ರಾತ್ರಿ ಒಂದು ಗಂಟೆಗೆ ಬಂದು, ತಮ್ಮ ಹೆಸರಲ್ಲಿ ಇನ್ನೊಂದು ರೂಮ್ ಹಿಡಿದು ಕೊಟ್ಟರು. ಅಲ್ಲಿಯವರೆಗೂ ಅಮ್ಮ ಲಾಬಿಯ ಸೋಫಾದ ತುದಿಯಲ್ಲಿ ಕೂತಿದ್ದರಂತೆ. ರಬ್ಬರ್ ಬ್ಯಾಂಡ್ ಸುತ್ತಿದ ಕಾಗದದ ಫೈಲನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡು. ಮೊದಲ ರೂಮಿನ 164 ಡಾಲರ್ ಹೋಯಿತು. ಆ ರಾತ್ರಿಯ ಬಗ್ಗೆ ಅಮ್ಮ ಈಗಲೂ ಮಾತಾಡುವುದಿಲ್ಲ.

ಇದು ಯಾಕೆ ಹೀಗೆ? ಕದ್ದ ಕಾರ್ಡಿನಲ್ಲಿ ರೂಮ್ ಹಿಡಿದರೆ, ಕಾರ್ಡಿನ ಮಾಲೀಕ ತಕರಾರು ಎತ್ತಿದಾಗ ಆ ದುಡ್ಡನ್ನು ಹೋಟೆಲ್ಲೇ ಕಳೆದುಕೊಳ್ಳುವ ಸಾಧ್ಯತೆ ಜಾಸ್ತಿ. ಹಾಗಾಗಿ ಕಾರ್ಡಿನ ಹೆಸರು, ಗುರುತಿನ ಚೀಟಿಯ ಹೆಸರು, ಎದುರಿಗೆ ನಿಂತವರು, ಮೂರೂ ಒಂದೇ ಆಗಬೇಕು. ಬಾಡಿಗೆ ಮೊದಲೇ ಕಟ್ಟಿದ್ದರೂ, ಒಡೆದದ್ದು ಕೆಟ್ಟದ್ದಕ್ಕೆಂದು 50 ಡಾಲರೋ 100 ಡಾಲರೋ ಎದುರಿಗಿದ್ದವರ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಆದರೆ ಆ ದುಡ್ಡು ಬಿಡುಗಡೆ ಆಗಲು ಕೆಲವೊಮ್ಮೆ ವಾರ ಹಿಡಿಯುತ್ತದೆ.

ಅದಕ್ಕೇ, ಬುಕಿಂಗನ್ನು ಅಪ್ಪನ ಹೆಸರಲ್ಲೇ ಮಾಡಿ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಒಂದು ಅಕ್ಷರ ಬದಲಿಲ್ಲದೆ. ದುಡ್ಡು ನೀವು ಕೊಡುವುದಾದರೆ ಹೋಟೆಲ್‌ಗೇ ನೇರ ಫೋನ್ ಮಾಡಿ 'ಕ್ರೆಡಿಟ್ ಕಾರ್ಡ್ ಆಥರೈಸೇಷನ್ ಫಾರ್ಮ್' ಕೇಳಿ. ಅಂದರೆ, ಇವರ ರೂಮಿಗೆ ನನ್ನ ಕಾರ್ಡಿನಿಂದ ದುಡ್ಡು ತೆಗೆದುಕೊಳ್ಳಿ ಎಂಬ ಒಪ್ಪಿಗೆ ಪತ್ರ. ತುಂಬಿ, ಸಹಿ ಮಾಡಿ, ನಿಮ್ಮ ಲೈಸೆನ್ಸ್ ಪ್ರತಿ ಜೊತೆ ಕಳಿಸಬೇಕು. ಇದನ್ನು ಹಗಲಲ್ಲೇ ಮುಗಿಸಿ. ರಾತ್ರಿ ಕೌಂಟರ್‌ನಲ್ಲಿ ಇರುವ ಹುಡುಗನಿಗೆ ಆ ಅಧಿಕಾರ ಇರುವುದು ಕಡಿಮೆ. ಊರು ಬಿಡುವ ಮೊದಲು ಅಪ್ಪನ ಕಾರ್ಡಿನಲ್ಲಿ ವಿದೇಶ ಬಳಕೆ ಆನ್ ಮಾಡಿಸಿ. ಓದಲು ಹೋಗುವ ಹುಡುಗರಿಗೂ ಒಂದು ಮಾತು: ಕೆಲವು ಹೋಟೆಲ್‌ಗಳು 21 ವರ್ಷ ಆಗದವರಿಗೆ ರೂಮ್ ಕೊಡುವುದಿಲ್ಲ. ಮೊದಲೇ ಕೇಳಿ.

ಅಪ್ಪ ಅಲ್ಲಿದ್ದಾರಾ ಎಂದು ಹೋಟೆಲ್‌ನವರು ಫೋನಿನಲ್ಲಿ ಹೇಳದಿದ್ದಕ್ಕೆ ಆಗ ಸಿಟ್ಟು ಬಂದಿತ್ತು. ಈಗ ಅವರದ್ದೇ ಸರಿ ಅನಿಸುತ್ತದೆ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸು ಅಲ್ಲಿದ್ದರೆ? ಅವನೂ ಹೀಗೇ ಫೋನ್ ಮಾಡಿ ಕೇಳುತ್ತಾನೆ ಅಲ್ವಾ. ಅತಿಥಿಗಳ ವಿವರದ ವಿಷಯ ಅಲ್ಲಿ ಕೋರ್ಟಿಗೂ ಹೋಗಿದೆ. ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ಕೇಳಿದ ಕೂಡಲೇ ಅತಿಥಿಗಳ ರಿಜಿಸ್ಟರ್ ತೋರಿಸಬೇಕು ಎಂಬ ನಿಯಮ ಇತ್ತು. ಪಟೇಲ್ ಹೆಸರಿನ ಮೋಟೆಲ್ ಮಾಲೀಕರು ಕೋರ್ಟಿಗೆ ಹೋದರು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಒಂಬತ್ತು ನ್ಯಾಯಾಧೀಶರಲ್ಲಿ ಐವರ ಬಹುಮತದಿಂದ, ಆ ನಿಯಮವನ್ನು ತೆಗೆದುಹಾಕಿತು.

ಕಳೆದ ವಾರ ನೆಂಟರೊಬ್ಬರಿಗೆ ರೂಮ್ ಕೇಳಲು ಇಲ್ಲಿನ ಒಂದು ಲಾಡ್ಜ್‌ಗೆ ಹೋಗಿದ್ದೆ. ಕೌಂಟರ್ ಮೇಲೆ ಉದ್ದ ರಿಜಿಸ್ಟರ್ ತೆರೆದೇ ಇತ್ತು, ಪೆನ್ನಿಗೆ ದಾರ ಕಟ್ಟಿತ್ತು. ಮೇಲಿನ ಸಾಲಿನವರ ಹೆಸರು, ಮೊಬೈಲ್ ನಂಬರ್, ಎಲ್ಲಿಂದ ಎಲ್ಲಿಗೆ ಎಲ್ಲ ಓದಬಹುದಿತ್ತು. ಪಕ್ಕದಲ್ಲಿ ತಂತಿಗೆ ಚುಚ್ಚಿದ ಆಧಾರ್ ಜೆರಾಕ್ಸ್‌ಗಳು. ಕದಂಬ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಇರುವ ತಾಲ್ಲೂಕು ಇದು, ಗುರುತು ಕೇಳಲೇಬೇಕು. ಆದರೆ ಕೇಳುವುದು ಬೇರೆ, ದಾರಿಹೋಕರಿಗೆಲ್ಲ ಕಾಣುವಂತೆ ಇಡುವುದು ಬೇರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಅದನ್ನೇ ಕೊಡಿ. ಅದೇ ಲಾಡ್ಜ್‌ನವರು 'ನಿಮ್ಮೋರಾ? ಬರ್ಲಿ' ಎಂದು ಕೀಲಿ ತೆಗೆದಿಟ್ಟರು. ಆ ರಾತ್ರಿ ಷಿಕಾಗೊದಲ್ಲಿ ನನಗೆ ಬೇಕಾಗಿದ್ದದ್ದೂ ಅಷ್ಟೇ ಮಾತು.

ಇನ್ನೆರಡು ವಿಷಯ. 2017ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬ ಹೋಟೆಲ್ ರೂಮಿನಲ್ಲಿ ಬಂದೂಕು ಕೂಡಿಟ್ಟು ಜನರ ಮೇಲೆ ಗುಂಡು ಹಾರಿಸಿದ. ಅದಾದ ಮೇಲೆ, ಬಾಗಿಲಿಗೆ 'ತೊಂದರೆ ಕೊಡಬೇಡಿ' ಫಲಕ ಹಾಕಿದ್ದರೂ ಹಲವು ಹೋಟೆಲ್‌ನವರು ದಿನಕ್ಕೊಮ್ಮೆ ಬಂದು ನೋಡುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರುತ್ತಾರೆ.

ಮತ್ತೆ, ರಾತ್ರಿ ರೂಮಿನ ಫೋನಿಗೆ 'ರಿಸೆಪ್ಷನ್‌ನಿಂದ, ನಿಮ್ಮ ಕಾರ್ಡ್ ಕೆಲಸ ಮಾಡಲಿಲ್ಲ, ನಂಬರ್ ಇನ್ನೊಮ್ಮೆ ಹೇಳಿ' ಎಂದು ಕರೆ ಬಂದರೆ ಅದು ಮೋಸ. ಎಷ್ಟೇ ಮರ್ಯಾದೆಯಿಂದ ಮಾತಾಡಿದರೂ ನಂಬರ್ ಹೇಳಬೇಡಿ. ಫೋನ್ ಇಟ್ಟು, ಕೆಳಗಿಳಿದು, ಕೌಂಟರ್‌ನಲ್ಲಿ ಇರುವವರನ್ನೇ ಕೇಳಿ.